ಸಮೂಹ ಪ್ರದರ್ಶನ ಕಟ್ಟುವುದನ್ನು ಎಲ್ಲಿ ಕಲಿಯಬೇಕು? ಯುವ ಕ್ಯುರೇಟರ್‌ಗಳ ಮುಂದಿರುವ ದಾರಿಗಳ ಹೋಲಿಕೆ

ಕಲಾಶಾಲೆಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಪ್ರತಿವರ್ಷ ನನ್ನ ಬಳಿ ಒಂದೇ ಪ್ರಶ್ನೆಯನ್ನು ತರುತ್ತಾರೆ. ತಾವೇ ಚಿತ್ರ ಬರೆಯುವುದಕ್ಕಿಂತ ನಾಲ್ಕಾರು ಜನರ ಕೃತಿಗಳನ್ನು ಒಂದೆಡೆ ಸೇರಿಸಿ, ಅವು ಒಂದನ್ನೊಂದು ಮಾತನಾಡಿಸುವಂತೆ ಪ್ರದರ್ಶನ ಕಟ್ಟುವುದರಲ್ಲಿ, ಅಂದರೆ ಕ್ಯುರೇಟರ್ ಆಗುವುದರಲ್ಲಿ, ಅವರಿಗೆ ಮನಸ್ಸು. ಆದರೆ ಆ ಕೆಲಸವನ್ನು ಎಲ್ಲಿ, ಯಾರ ಕೈಕೆಳಗೆ, ಎಷ್ಟು ಖರ್ಚಿನಲ್ಲಿ ಕಲಿಯಬೇಕೆಂಬುದು ಗೊತ್ತಾಗುವುದಿಲ್ಲ. ಕಾಲೇಜಿನ ವಾರ್ಷಿಕ ಪ್ರದರ್ಶನ, ಗೆಳೆಯರೆಲ್ಲ ದುಡ್ಡು ಹಾಕಿ ಬಾಡಿಗೆಗೆ ಹಿಡಿಯುವ ಗ್ಯಾಲರಿ, ವಸ್ತುಸಂಗ್ರಹಾಲಯದ ಸಹಾಯಕ ಕೆಲಸ, ಅರ್ಜಿ ಹಾಕಿ ಆಯ್ಕೆಯಾಗಬೇಕಾದ ಕಾರ್ಯಕ್ರಮಗಳು, ವಿಶ್ವವಿದ್ಯಾಲಯದ ಕೋರ್ಸು, ಇಲ್ಲವೇ ಯಾರದೋ ಮನೆಯ ಒಂದು ಕೋಣೆ, ಹೀಗೆ ಕರ್ನಾಟಕದ ಯುವಜನರಿಗೆ ಇಂದು ಹಲವು ದಾರಿಗಳಿವೆ. ಇವೆಲ್ಲ ಕಲಿಸುವ ಪಾಠ ಮಾತ್ರ ಒಂದೇ ಅಲ್ಲ.

ಇವುಗಳನ್ನು ಹೋಲಿಸುವಾಗ ನಾನು ಸಂಸ್ಥೆಯ ಹೆಸರನ್ನಾಗಲಿ ಪ್ರಮಾಣಪತ್ರವನ್ನಾಗಲಿ ನೋಡುವುದಿಲ್ಲ. ‘ಈ ಕೃತಿ ಈ ಪ್ರದರ್ಶನಕ್ಕೆ ಬೇಡ’ ಎಂದು ಹೇಳುವ ಅಧಿಕಾರ ಕಲಿಯುವವರ ಕೈಯಲ್ಲಿ ನಿಜವಾಗಿ ಇದೆಯೇ ಎಂಬುದು ನನ್ನ ಮೊದಲ ಪ್ರಶ್ನೆ. ಕೃತಿಗಳನ್ನು ಮುಂದಿಟ್ಟುಕೊಂಡು ಖಾಲಿ ಗೋಡೆಯ ಎದುರು ಎಷ್ಟು ಗಂಟೆ ನಿಲ್ಲಲು ಸಿಗುತ್ತದೆ ಎಂಬುದು ಎರಡನೆಯದು. ತಪ್ಪಾದಾಗ ಅದನ್ನು ತೋರಿಸಿಕೊಡುವ ಅನುಭವಿಗಳು ಹತ್ತಿರದಲ್ಲಿ ಇರುತ್ತಾರೆಯೇ ಎಂಬುದು ಮೂರನೆಯದು. ಈ ಮೂರರಲ್ಲಿ ಮೊದಲನೆಯದಕ್ಕೇ ನಾನು ಹೆಚ್ಚು ತೂಕ ಕೊಡುತ್ತೇನೆ, ಏಕೆಂದರೆ ಆಯ್ಕೆಯ ಹೊಣೆಯನ್ನು ಹೊರದೆ ಮಾಡಿದ ಕೆಲಸ ವ್ಯವಸ್ಥಾಪಕರ ಕೆಲಸವಾಗುತ್ತದೆ. ಅದೂ ಗೌರವದ ಕೆಲಸವೇ, ಆದರೆ ಕ್ಯುರೇಟರ್‌ನ ಕೆಲಸ ಬೇರೆ.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಬಿಡಬೇಕು. ಕರ್ನಾಟಕ ಚಿತ್ರಕಲಾ ಪರಿಷತ್ತು ಆರಂಭಿಸಿದ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯನ್ನು ಹಲವರು ದೊಡ್ಡ ಸಮೂಹ ಪ್ರದರ್ಶನವೆಂದೇ ಭಾವಿಸುತ್ತಾರೆ. ಅದು ಹೆಸರೇ ಹೇಳುವಂತೆ ಸಂತೆ. ಅಲ್ಲಿ ಒಂದು ಚಿತ್ರದ ಪಕ್ಕಕ್ಕೆ ಇನ್ನೊಂದು ಬರುವುದು ಮಳಿಗೆಯ ಹಂಚಿಕೆಯಿಂದಲೇ ಹೊರತು ಯಾರೋ ಯೋಚಿಸಿ ಜೋಡಿಸಿದ್ದರಿಂದ ಅಲ್ಲ. ಆದರೂ ಕಲಾವಿದರನ್ನು ಹುಡುಕಲು ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಬೆಳಗ್ಗೆ ಜನಸಂದಣಿ ಸೇರುವ ಮುಂಚೆ ಒಂದು ನೋಟ್‌ಬುಕ್ ಹಿಡಿದು ಹೋಗಿ, ಇಡೀ ರಸ್ತೆಯನ್ನು ನಡೆದು, ಸಂಜೆ ಮನೆಗೆ ಬಂದ ಮೇಲೆ ಅಲ್ಲಿ ಕಂಡ ಐವರನ್ನು ಮಾತ್ರ ಒಂದು ಕೋಣೆಗೆ ಕರೆಯಬೇಕಾದರೆ ಯಾರನ್ನು ಕರೆಯುತ್ತೀರಿ, ಏಕೆ ಎಂದು ಬರೆದು ನೋಡಿ. ಯಾವ ದಾರಿ ಹಿಡಿಯುವವರಿಗೂ ಇದು ಖರ್ಚಿಲ್ಲದ ಮೊದಲ ಅಭ್ಯಾಸ.

ಕಾಲೇಜಿನ ವಾರ್ಷಿಕ ಪ್ರದರ್ಶನ

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ‘ಕಾವಾ’ ಆಗಲಿ, ಬೆಂಗಳೂರು, ದಾವಣಗೆರೆ, ಕಲಬುರಗಿಗಳ ಕಲಾಶಾಲೆಗಳಾಗಲಿ, ವರ್ಷದ ಕೊನೆಯಲ್ಲಿ ವಿದ್ಯಾರ್ಥಿಗಳ ಕೃತಿಗಳು ಗೋಡೆಗೇರುವ ದಿನಗಳು ಎಲ್ಲೆಡೆಯೂ ಬರುತ್ತವೆ. ಈ ದಾರಿಗೆ ಹಣ ಬೇಕಿಲ್ಲ, ಕೈಗೆ ಕೈ ಸೇರಿಸುವವರಿಗೆ ಕೊರತೆಯಿಲ್ಲ, ಮೇಷ್ಟ್ರುಗಳು ಪಕ್ಕದಲ್ಲೇ ಇರುತ್ತಾರೆ. ಕೊರತೆ ಇರುವುದು ಒಂದೇ ಕಡೆ: ತರಗತಿಯ ಎಲ್ಲರ ಕೃತಿಯೂ ಇರಲೇಬೇಕು, ಮತ್ತು ಅದು ನ್ಯಾಯವೂ ಹೌದು. ಹಾಗಾಗಿ ನನ್ನ ಮೊದಲ ಅಳತೆಯಲ್ಲಿ ಈ ದಾರಿಗೆ ಅಂಕವೇ ಇಲ್ಲ. ಎರಡನೆಯದರಲ್ಲಿ ಮಾತ್ರ ಇದನ್ನು ಮೀರಿಸುವ ದಾರಿಯಿಲ್ಲ, ಏಕೆಂದರೆ ಕೃತಿ ತೂಗುಹಾಕುವ ಕೈಕೆಲಸವನ್ನು ಇಲ್ಲಿ ಕಲಿಯುವಷ್ಟು ನಿಧಾನವಾಗಿ ಬೇರೆಲ್ಲೂ ಕಲಿಯಲಾಗುವುದಿಲ್ಲ.

ಆ ಕೈಕೆಲಸ ಏನೆಂಬುದನ್ನು ಒಂದು ಮೊಳೆಯ ಲೆಕ್ಕದಿಂದ ಹೇಳುತ್ತೇನೆ. ನಿಂತು ನೋಡುವವರ ಕಣ್ಣಿನ ಮಟ್ಟಕ್ಕೆ ಕೃತಿಯ ನಡುಭಾಗ ಬರಲಿ ಎಂದು, ಅದು ನೆಲದಿಂದ ಸುಮಾರು 57ರಿಂದ 60 ಇಂಚು ಎತ್ತರದಲ್ಲಿರುವಂತೆ ತೂಗುಹಾಕುವುದು ರೂಢಿ. ನೀವು 58 ಇಂಚು ಎಂದು ನಿರ್ಧರಿಸಿದ್ದೀರಿ ಎನ್ನಿ. ಫ್ರೇಮಿನ ಎತ್ತರ 30 ಇಂಚು, ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದಾಗ ಅದು ಫ್ರೇಮಿನ ಮೇಲಂಚಿನಿಂದ 4 ಇಂಚು ಕೆಳಗಿದೆ. 58ಕ್ಕೆ ಫ್ರೇಮಿನ ಅರ್ಧ, ಅಂದರೆ 15 ಕೂಡಿಸಿ 4 ಕಳೆದರೆ 69. ಮೊಳೆಯನ್ನು ಹೊಡೆಯಬೇಕಾದದ್ದು ನೆಲದಿಂದ 69 ಇಂಚಿಗೆ. ಅಡ್ಡ ಅಳತೆಯ ಲೆಕ್ಕವೂ ಹೀಗೆಯೇ. 24 ಅಡಿ ಗೋಡೆಯೆಂದರೆ 288 ಇಂಚು. ಐದು ಕೃತಿಗಳ ಅಗಲ ಒಟ್ಟು 150 ಇಂಚಾದರೆ ಉಳಿದ 138 ಇಂಚು ಆರು ಖಾಲಿ ಜಾಗಗಳಿಗೆ ಹಂಚಿಹೋಗಿ ತಲಾ 23 ಇಂಚು ಬರುತ್ತದೆ. ಈ ಲೆಕ್ಕ ಕೈಗೆ ಹತ್ತಿದ ಮೇಲೆಯೇ ಅದನ್ನು ಯಾವಾಗ ಮುರಿಯಬೇಕೆಂಬುದು ತಿಳಿಯುವುದು: ಒಂದಕ್ಕೊಂದು ನಂಟಿರುವ ಎರಡು ಕೃತಿಗಳು 12 ಇಂಚಿನಷ್ಟು ಹತ್ತಿರ ಬರಲು ಕೇಳುತ್ತವೆ, ಬಣ್ಣ, ಆಕಾರಗಳ ಅಬ್ಬರ ಹೆಚ್ಚಿರುವ ಇನ್ನೊಂದು ತನ್ನ ಸುತ್ತ ನಾಲ್ಕು ಅಡಿ ಬಿಳಿ ಗೋಡೆಯನ್ನು ಬೇಡುತ್ತದೆ. ಮೊಳೆ ಹೊಡೆಯುವ ಮುಂಚೆ ಕೃತಿಗಳನ್ನೆಲ್ಲ ಗೋಡೆಯ ಬುಡಕ್ಕೆ ಒರಗಿಸಿ, ದೂರ ನಿಂತು, ಅದಲುಬದಲು ಮಾಡಿ ನೋಡುವ ಆ ಒಂದೆರಡು ಗಂಟೆಗಳಲ್ಲೇ ಪ್ರದರ್ಶನ ಹುಟ್ಟುತ್ತದೆ.

ಆದ್ದರಿಂದ ಈ ದಾರಿಯನ್ನು ಹಿಡಿಯುವವರು ಇಡೀ ಪ್ರದರ್ಶನದ ಉಸ್ತುವಾರಿಗೆ ಕೈಹಾಕದೆ, ಒಂದು ಕೋಣೆಯನ್ನೋ ಒಂದು ಗೋಡೆಯನ್ನೋ ತಮಗೆ ಬಿಟ್ಟುಕೊಡುವಂತೆ ವಿಭಾಗದ ಮುಖ್ಯಸ್ಥರನ್ನು ಕೇಳಿಕೊಳ್ಳಬೇಕು. ಎಲ್ಲರ ಕೃತಿಯೂ ಎಲ್ಲೋ ಒಂದು ಕಡೆ ಇರುತ್ತದೆ ಎಂದಾದ ಮೇಲೆ, ಆ ಒಂದು ಗೋಡೆಗೆ ಯಾವ ಐದು ಎಂದು ಆರಿಸುವ ಸ್ವಾತಂತ್ರ್ಯ ಯಾರನ್ನೂ ನೋಯಿಸದೆ ಸಿಗುತ್ತದೆ.

ಗೆಳೆಯರು ಸೇರಿ ಗ್ಯಾಲರಿ ಹಿಡಿಯುವುದು

ಕಲಾವಿದರು ತಾವೇ ಒಟ್ಟಾಗಿ ಪ್ರದರ್ಶನ ಕಟ್ಟುವ ಪರಂಪರೆ ನಮ್ಮಲ್ಲಿ ಹೊಸದಲ್ಲ. ಭಾವನಗರದ ಮನೆಯೊಂದರಲ್ಲಿ ಸೇರಿದ ಕಲಾವಿದರು ಆ ಮನೆಯ ಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡು ಕಟ್ಟಿದ ‘ಗ್ರೂಪ್ 1890’, 1963ರ ಅಕ್ಟೋಬರ್‌ನಲ್ಲಿ ದೆಹಲಿಯ ರವೀಂದ್ರ ಭವನದಲ್ಲಿ ಹನ್ನೆರಡು ಜನರ ಪ್ರದರ್ಶನ ನಡೆಸಿತು; ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು, ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ಟಾವಿಯೋ ಪಾಜ್ ಕೆಟಲಾಗಿಗೆ ಮುನ್ನುಡಿ ಬರೆದರು. ಆ ಗುಂಪು ನಡೆಸಿದ್ದು ಅದೊಂದೇ ಪ್ರದರ್ಶನ. ಲಂಡನ್ನಿನಲ್ಲಿ 1988ರಲ್ಲಿ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಡೇಮಿಯನ್ ಹರ್ಸ್ಟ್, ಬಂದರು ಪ್ರದೇಶದ ಖಾಲಿ ಕಟ್ಟಡವೊಂದರಲ್ಲಿ ತನ್ನ ಮತ್ತು ಸಹಪಾಠಿಗಳ ಕೃತಿಗಳನ್ನಿಟ್ಟು ಮಾಡಿದ ಪ್ರದರ್ಶನ ಆ ಪೀಳಿಗೆಯ ಬ್ರಿಟಿಷ್ ಕಲೆಗೇ ತಿರುವು ಕೊಟ್ಟಿತು. ಇಂಥ ಕಥೆಗಳು ಯುವಜನರಿಗೆ ಹುರುಪು ತುಂಬುತ್ತವೆ, ತುಂಬಲೂ ಬೇಕು; ಆದರೆ ಇದೇ ದಾರಿಯಲ್ಲಿ ನಾನೂ ಒಮ್ಮೆ ಎಡವಿದ್ದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಒಂಬತ್ತು ಜನ ಗೆಳೆಯರು ಸಮನಾಗಿ ಹಣ ಹಾಕಿ ಒಂದು ಗ್ಯಾಲರಿಯನ್ನು ವಾರದ ಮಟ್ಟಿಗೆ ಹಿಡಿದಿದ್ದೆವು. ಹಣ ಸಮನಾದ ಮೇಲೆ ಗೋಡೆಯೂ ಸಮನಾಗಬೇಕೆಂದು ಟೇಪು ಹಿಡಿದು ಅಡಿಗಳನ್ನು ಹಂಚಿಕೊಂಡೆವು. ಒಬ್ಬ ಗೆಳತಿಯ ಅಂಗೈಯಗಲದ ಎಚಿಂಗ್‌ಗಳು (ಲೋಹದ ಹಲಗೆಯಿಂದ ಕಾಗದಕ್ಕೆ ಅಚ್ಚು ತೆಗೆದ ಚಿತ್ರಗಳು) ಒಂದು ಗೋಡೆಗೆ ಬಂದವು, ಅದರ ಎದುರಿನ ಗೋಡೆಗೆ ಆರಡಿ ಎತ್ತರದ ಕೆಂಪು ಕ್ಯಾನ್ವಾಸ್ ಬಂತು. ಉದ್ಘಾಟನೆಯ ಸಂಜೆ ಬಂದವರೆಲ್ಲ ಆ ಕ್ಯಾನ್ವಾಸನ್ನು ಪೂರ್ತಿಯಾಗಿ ನೋಡಲು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು, ಎಚಿಂಗ್‌ಗಳಿಗೆ ಬೆನ್ನು ಕೊಟ್ಟು ನಿಂತರು. ಒಬ್ಬರ ಹೆಗಲು ತಾಗಿ ಒಂದು ಫ್ರೇಮ್ ವಾಲಿಯೂ ಹೋಯಿತು. ಮೂರನೆಯ ದಿನ ಬಂದ ಹಿರಿಯ ಮುದ್ರಣ ಕಲಾವಿದರೊಬ್ಬರು ಬಾಗಿಲ ಪಕ್ಕದ ಸಣ್ಣ ಓಣಿಯನ್ನು ತೋರಿಸಿ, ‘ಇವು ಇಲ್ಲಿ ಇರಬೇಕಿತ್ತು, ಇಲ್ಲಿ ಯಾರಿಗೂ ಹಿಂದೆ ಸರಿಯಲು ಜಾಗವಿಲ್ಲ’ ಎಂದರು. ತನಗೆ ಸಿಕ್ಕ ಗೋಡೆ ಕಡಿಮೆಯಾಗುತ್ತದೆ ಎಂದು ಗೆಳತಿ ಮೊದಲು ಒಪ್ಪಲಿಲ್ಲ. ಕೊನೆಗೆ ಆ ಓಣಿಗೆ ಒಯ್ದ ಮೇಲೆ ಜನ ಒಬ್ಬೊಬ್ಬರಾಗಿ ಅವುಗಳಿಗೆ ಮುಖವನ್ನು ಹತ್ತಿರ ತಂದು ನೋಡತೊಡಗಿದರು. ಗೋಡೆಯನ್ನು ದುಡ್ಡಿನ ಲೆಕ್ಕದಲ್ಲಿ ಹಂಚಿದ್ದೇ ನಮ್ಮ ತಪ್ಪಾಗಿತ್ತು, ಮತ್ತು ಆ ಹಂಚಿಕೆಯನ್ನು ಮುರಿಯುವ ಅಧಿಕಾರವನ್ನು ನಾವು ಯಾರಿಗೂ ಕೊಟ್ಟಿರಲಿಲ್ಲ.

ಹಾಗಾಗಿ ಈ ದಾರಿಯನ್ನು ಆರಿಸಿಕೊಳ್ಳುವವರು ಮೊದಲ ರೂಪಾಯಿ ಕೂಡಿಸುವ ಮುಂಚೆಯೇ ಒಂದು ಪುಟದ ಒಪ್ಪಂದವನ್ನು ಬರೆದುಕೊಳ್ಳಬೇಕು. ಆಯ್ಕೆ ಮಾಡುವವರು ಒಬ್ಬರೋ ಇಬ್ಬರೋ ಇರಲಿ, ಅವರ ಕೃತಿ ಪ್ರದರ್ಶನದಲ್ಲಿ ಇರದಿರಲಿ. ಹಣ ಸಮನಾಗಿ ಹಾಕಿದರೂ ಕೃತಿಗಳ ಸಂಖ್ಯೆಯಾಗಲಿ ಗೋಡೆಯ ಅಳತೆಯಾಗಲಿ ಸಮನಾಗಿರಬೇಕಿಲ್ಲ ಎಂಬ ವಾಕ್ಯ ಅದರಲ್ಲಿ ಸ್ಪಷ್ಟವಾಗಿರಲಿ. ಫ್ರೇಮಿನ ಖರ್ಚು, ಸಾಗಣೆಯಲ್ಲಿ ಆಗುವ ಹಾನಿ, ಮಾರಾಟವಾದರೆ ಗ್ಯಾಲರಿಗೆ ಸಲ್ಲಬೇಕಾದ ಪಾಲು ಇವು ಯಾರ ಹೊಣೆ ಎಂಬುದು ಇರಲಿ. ಗ್ಯಾಲರಿಯನ್ನು ಗೊತ್ತುಮಾಡುವಾಗ ಬಾಡಿಗೆಯ ಜೊತೆಗೆ, ಉದ್ಘಾಟನೆಗೆ ಮುಂಚೆ ಒಳಗೆ ಕೆಲಸ ಮಾಡಲು ಎಷ್ಟು ಗಂಟೆ ಬಿಡುತ್ತಾರೆ, ಗೋಡೆಗೆ ಮೊಳೆ ಹೊಡೆಯಬಹುದೇ ಅಥವಾ ಮೇಲಿನ ಪಟ್ಟಿಯಿಂದ ತಂತಿ ಇಳಿಬಿಡಬೇಕೇ ಎಂಬುದನ್ನೂ ಕೇಳಿ. ಬೆಳಗ್ಗೆ ಬೀಗ ತೆಗೆದು ಸಂಜೆಗೇ ಉದ್ಘಾಟನೆ ಇಟ್ಟುಕೊಂಡರೆ, ಆಮೇಲೆ ಜೋಡಿಸುವ ಬುದ್ಧಿ ಯಾರಿಗೂ ಉಳಿಯುವುದಿಲ್ಲ. ಹಾರ, ಶಾಲು, ಆಮಂತ್ರಣ ಪತ್ರಿಕೆಗಳ ಖರ್ಚನ್ನು ಇಳಿಸಿಯಾದರೂ ಒಂದು ದಿನದ ಹೆಚ್ಚುವರಿ ಬಾಡಿಗೆ ಕಟ್ಟಿ ಎಂದೇ ನಾನು ಹೇಳುತ್ತೇನೆ.

ಸಂಸ್ಥೆಯೊಳಗೆ ಸಹಾಯಕರಾಗಿ

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ‘ಮ್ಯಾಪ್’, ಜೊತೆಗೆ ಖಾಸಗಿ ಗ್ಯಾಲರಿಗಳು, ಹೀಗೆ ದೊಡ್ಡ ಪ್ರದರ್ಶನಗಳು ಕಟ್ಟಲ್ಪಡುವ ಜಾಗಗಳು ನಮ್ಮ ಹತ್ತಿರದಲ್ಲೇ ಇವೆ. ಇಂಥ ಕಡೆ ಇಂಟರ್ನ್ ಆಗಿಯೋ ಸಹಾಯಕರಾಗಿಯೋ ಸೇರಿದವರಿಗೆ ಕೃತಿಯನ್ನು ಒಂದು ವಸ್ತುವಾಗಿ ನೋಡುವ ಶಿಸ್ತು ಬರುತ್ತದೆ. ಪೆಟ್ಟಿಗೆ ತೆರೆದ ಕೂಡಲೇ ಕಂಡಿಷನ್ ರಿಪೋರ್ಟ್ ಬರೆಯಬೇಕು. ‘ಎಡಮೂಲೆಯಲ್ಲಿ ಮೇಲಂಚಿನಿಂದ ಎರಡು ಇಂಚು ಕೆಳಗೆ ಅರ್ಧ ಇಂಚಿನ ಗೀರು’ ಎಂದು ಬರೆದು, ಫೋಟೋ ತೆಗೆದು, ಸಹಿ ಪಡೆಯಬೇಕು. ಬೆಳಕಿನ ಲೆಕ್ಕವನ್ನೂ ಇಲ್ಲಿಯೇ ಕಲಿಯಬೇಕು. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್‌ಗಳಲ್ಲಿ ಬರೆದಂಥ ಜಲವರ್ಣಗಳಿಗೆ, ಒಟ್ಟಾರೆ ಕಾಗದದ ಮೇಲಿನ ಕೃತಿಗಳಿಗೆ, 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದೆಂಬುದು ವಸ್ತುಸಂಗ್ರಹಾಲಯಗಳ ರೂಢಿ. ತೈಲವರ್ಣಕ್ಕೆ 200 ಲಕ್ಸ್‌ವರೆಗೆ ಬಿಡುತ್ತಾರೆ. ಕಾಗದಕ್ಕೂ ಬಣ್ಣಕ್ಕೂ ಬೆಳಕಿನಿಂದಾದ ಹಾನಿಯನ್ನು ಮತ್ತೆ ಸರಿಪಡಿಸಲಾಗುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಗೆಳೆಯರ ಪ್ರದರ್ಶನದಲ್ಲಿ ಕಿಟಕಿಯ ಬಿಸಿಲಿಗೆ ಜಲವರ್ಣವನ್ನು ಒಡ್ಡುವವರು ಒಂದು ತಿಂಗಳು ಇಲ್ಲಿ ಕೆಲಸ ಮಾಡಿದರೆ ಆ ತಪ್ಪನ್ನು ಜೀವಮಾನದಲ್ಲಿ ಮತ್ತೆ ಮಾಡುವುದಿಲ್ಲ.

ಆಯ್ಕೆಯ ಅಧಿಕಾರ ಮಾತ್ರ ಇಲ್ಲಿ ಬಹುಕಾಲ ಕೈಗೆ ಸಿಗುವುದಿಲ್ಲ. ಹಿರಿಯ ಕ್ಯುರೇಟರ್ ಒಬ್ಬರು ಒಂದು ಕೃತಿಯನ್ನು ಪಟ್ಟಿಯಿಂದ ತೆಗೆದಾಗ ಏಕೆ ತೆಗೆದರೆಂದು ಧೈರ್ಯವಾಗಿ, ವಿನಯದಿಂದ ಕೇಳಿ ತಿಳಿದುಕೊಳ್ಳುವವರಿಗೆ ಮಾತ್ರ ಈ ದಾರಿ ಪೂರ್ತಿ ಫಲ ಕೊಡುತ್ತದೆ. ಇದರ ಜೊತೆ ಸೇರಿಸಿ ಹೇಳಬೇಕಾದ ಇನ್ನೊಂದು ಅವಕಾಶವೆಂದರೆ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಗ್ರಹಾಲಯಗಳ ಜೊತೆಗೂಡಿ ಕೊಡುತ್ತ ಬಂದಿರುವ ಫೆಲೋಶಿಪ್‌ಗಳು; ಒಂದು ಸಂಗ್ರಹದೊಳಗೆ ತಿಂಗಳುಗಟ್ಟಲೆ ಕುಳಿತು, ಅದರಿಂದ ತಾವೇ ಆರಿಸಿ ಪ್ರದರ್ಶನ ಕಟ್ಟುವ ಹೊಣೆ ಅಂಥ ಕಡೆ ಸಿಗುತ್ತದೆ.

ಅರ್ಜಿ ಹಾಕುವ ಕಾರ್ಯಕ್ರಮಗಳು, ಕೋರ್ಸುಗಳು

ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನವನ್ನು ಬಿಯನಾಲೆ ಎನ್ನುತ್ತಾರೆ; ಕೇರಳದ ಕೊಚ್ಚಿ-ಮುಜಿರಿಸ್ ಬಿಯನಾಲೆ 2012ರಲ್ಲಿ ಆರಂಭವಾಯಿತು. 2014ರ ಎರಡನೆಯ ಆವೃತ್ತಿಯ ಜೊತೆಗೆ ಶುರುವಾದ ಸ್ಟೂಡೆಂಟ್ಸ್ ಬಿಯನಾಲೆಯಲ್ಲಿ ಯುವ ಕ್ಯುರೇಟರ್‌ಗಳನ್ನು ಆರಿಸಿ, ದೇಶದ ಬೇರೆ ಬೇರೆ ಭಾಗಗಳ ಕಲಾಶಾಲೆಗಳಿಗೆ ಕಳುಹಿಸಿ, ಅಲ್ಲಿನ ವಿದ್ಯಾರ್ಥಿಗಳ ಕೃತಿಗಳನ್ನು ಅವರಿಂದಲೇ ಆಯ್ಕೆ ಮಾಡಿಸುವ ಕ್ರಮ ಬಂತು. ಕಲಾವಿದರ ಕೋಣೆಗೆ ಹೋಗಿ, ಅವರು ಮೊದಲು ತೋರಿಸುವ ಮುಗಿದ ಕೃತಿಗಳನ್ನು ನೋಡಿ, ಆಮೇಲೆ ಮೂಲೆಯಲ್ಲಿ ಸುತ್ತಿಟ್ಟ ಸುರುಳಿಯನ್ನು ಬಿಚ್ಚಿಸಿ ನೋಡುವ ಕಲೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ದೆಹಲಿಯ ಕಲಾವಿದರ ಸಂಸ್ಥೆ ‘ಖೋಜ್’ 2003ರಿಂದ ನಡೆಸುತ್ತಿರುವ ಪೀರ್ಸ್ ಕಾರ್ಯಕ್ರಮದಲ್ಲಿ, ಆಗತಾನೆ ಕಲಾಶಾಲೆಯಿಂದ ಹೊರಬಂದ ಕಲಾವಿದರ ಜೊತೆ ಒಬ್ಬ ಯುವ ವಿಮರ್ಶಕರೂ ಇದ್ದು ಬರೆಯುತ್ತಾರೆ; ಬರವಣಿಗೆಯ ಮೂಲಕ ಕ್ಯುರೇಷನ್‌ಗೆ ಬರಲಿಚ್ಛಿಸುವವರಿಗೆ ಅದು ತಕ್ಕ ದಾರಿ. ನನ್ನ ಮೂರು ಅಳತೆಗಳಲ್ಲಿಯೂ ಇಂಥ ಕಾರ್ಯಕ್ರಮಗಳು ಒಳ್ಳೆಯ ಅಂಕ ಪಡೆಯುತ್ತವೆ, ಆದರೆ ಜಾಗ ಸಿಗುವುದು ಕೆಲವರಿಗೆ ಮಾತ್ರ.

ಅರ್ಜಿ ಇಂಗ್ಲಿಷ್‌ನಲ್ಲಿರಬೇಕು ಎಂಬ ಕಾರಣಕ್ಕೇ ಹಿಂದೆ ಸರಿದ, ಕಣ್ಣು ಬಹಳ ಚುರುಕಾಗಿದ್ದ ಹುಡುಗ ಹುಡುಗಿಯರನ್ನು ನಾನು ಕಂಡಿದ್ದೇನೆ, ಮತ್ತು ಅದು ನನ್ನನ್ನು ಇಂದಿಗೂ ನೋಯಿಸುತ್ತದೆ. ಅವರಿಗೆ ನಾನು ಹೇಳುವುದಿಷ್ಟು: ಟಿಪ್ಪಣಿಯನ್ನು ಮೊದಲು ಕನ್ನಡದಲ್ಲಿ ಮುನ್ನೂರು ಪದಗಳಲ್ಲಿ ಬರೆಯಿರಿ, ಈ ನಾಲ್ವರ ಕೃತಿಗಳು ಒಂದೇ ಕೋಣೆಯಲ್ಲಿ ಏಕಿರಬೇಕು ಎಂಬುದು ಕನ್ನಡದಲ್ಲಿ ಸ್ಪಷ್ಟವಾದ ಮೇಲೆ ಅನುವಾದಕ್ಕೆ ಯಾರನ್ನಾದರೂ ಕೇಳಿ. ಕನ್ನಡದಲ್ಲಿಯೇ ಅಸ್ಪಷ್ಟವಾಗಿರುವುದು ಇಂಗ್ಲಿಷ್‌ನಲ್ಲಿ ಗಂಭೀರವಾಗಿ ಕಾಣಬಹುದು, ಸ್ಪಷ್ಟವಾಗುವುದಿಲ್ಲ. ಗೋಡೆಯ ಬರಹದ ವಿಷಯದಲ್ಲಿಯೂ ನನ್ನ ನಿಲುವು ಇದೇ. ಗ್ಯಾಲರಿಯ ಕಾವಲುಗಾರರು ಬೇರೆಲ್ಲರಿಗಿಂತ ಹೆಚ್ಚು ಹೊತ್ತು ಆ ಕೃತಿಗಳ ಜೊತೆ ಇರುವವರು. ಅವರು ಓದಿ, ಬಂದವರಿಗೆ ತಮ್ಮ ಮಾತಿನಲ್ಲಿ ಹೇಳಬಲ್ಲಂಥ ಕನ್ನಡ ಬರಹ ಗೋಡೆಯ ಮೇಲಿದ್ದರೆ ಅದು ಸರಿಯಾಗಿದೆ ಎಂದರ್ಥ.

ಕೋರ್ಸುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕಲೆ ಮತ್ತು ಸೌಂದರ್ಯಶಾಸ್ತ್ರ ವಿಭಾಗಗಳಲ್ಲಿ ಕಲಾ ಇತಿಹಾಸವನ್ನು ಓದಿದವರಿಗೆ, ತಾವು ಕಟ್ಟುತ್ತಿರುವ ಪ್ರದರ್ಶನದ ಹಿಂದೆ ಎಷ್ಟು ಪ್ರದರ್ಶನಗಳು ಆಗಿಹೋಗಿವೆ ಎಂಬ ಅರಿವು ಬರುತ್ತದೆ, ಬರವಣಿಗೆ ಹದಗೊಳ್ಳುತ್ತದೆ. ಆದರೆ ಒಂದಾದರೂ ಪ್ರದರ್ಶನವನ್ನು ಕೈಯಾರೆ ಕಟ್ಟಿ, ಅದರಿಂದ ಹುಟ್ಟಿದ ಪ್ರಶ್ನೆಗಳನ್ನು ಇಟ್ಟುಕೊಂಡು ಹೋದವರಿಗೆ ಕೋರ್ಸಿನ ವರ್ಷಗಳು ಹೆಚ್ಚು ಕೊಡುತ್ತವೆ.

ಗ್ಯಾಲರಿಯಲ್ಲದ ಒಂದು ಕೋಣೆ

ಮೊದಲ ಪ್ರದರ್ಶನಕ್ಕೆ ನಾನು ಹೆಚ್ಚಾಗಿ ಸೂಚಿಸುವುದು ಇದನ್ನೇ. ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಬೆಂಗಳೂರಿನ ಶಾಂತಿನಗರದಲ್ಲಿ 2003ರಲ್ಲಿ ಆರಂಭಿಸಿದ ‘1 ಶಾಂತಿರೋಡ್’ ಇಂಥ ಸಣ್ಣ ಜಾಗಗಳ ಶಕ್ತಿಯನ್ನು ಇಪ್ಪತ್ತು ವರ್ಷಗಳಿಂದ ತೋರಿಸುತ್ತ ಬಂದಿದೆ. ಊರಿನಲ್ಲಿರುವವರಿಗೆ ಶಾಖಾ ಗ್ರಂಥಾಲಯದ ಓದುವ ಕೋಣೆ, ರಜೆಯಲ್ಲಿರುವ ಶಾಲೆಯ ಒಂದು ತರಗತಿ, ಖಾಲಿಯಾದ ಅಂಗಡಿ ಇವು ಸಾಕು. ನಾಲ್ಕು ಜನ ಕಲಾವಿದರು, ಹತ್ತು ಹನ್ನೆರಡು ಕೃತಿಗಳು, ಮೂರು ದಿನ. ಇಷ್ಟು ಚಿಕ್ಕದಾಗಿರುವುದರಿಂದಲೇ ‘ಬೇಡ’ ಎನ್ನುವುದು ಅನಿವಾರ್ಯವಾಗುತ್ತದೆ, ಮತ್ತು ಬಾಡಿಗೆ ಇಲ್ಲದ್ದರಿಂದ ಹಾಗೆನ್ನಲು ಯಾರ ಹಂಗೂ ಇರುವುದಿಲ್ಲ. ವಿಷಯವನ್ನು ಇಟ್ಟುಕೊಳ್ಳುವಾಗ ಪ್ರಕೃತಿ, ಸ್ತ್ರೀ, ನಗರ ಎಂಬಂಥ ಅಗಲವಾದ ಹೆಸರುಗಳನ್ನು ಬಿಟ್ಟು, ಊರಿನ ಒಂದೇ ಕೆರೆಯನ್ನು ನಾಲ್ವರು ಹೇಗೆ ಕಂಡಿದ್ದಾರೆ ಎಂಬಂಥ ಕಿರಿದಾದ ಪ್ರಶ್ನೆಯನ್ನು ಹಿಡಿಯಬೇಕು. ಯಾವುದು ಒಳಗೆ, ಯಾವುದು ಹೊರಗೆ ಎಂಬುದನ್ನು ಆಗ ಪ್ರಶ್ನೆಯೇ ಹೇಳುತ್ತದೆ. ಕೊರತೆಯೆಂದರೆ ತಿದ್ದುವವರು ಇಲ್ಲಿರುವುದಿಲ್ಲ, ಆದ್ದರಿಂದ ತಿಳಿದವರೊಬ್ಬರನ್ನು ಉದ್ಘಾಟನೆಗಲ್ಲ, ಅದರ ಹಿಂದಿನ ದಿನ ಕರೆಯಿರಿ. ಆಗ ಅವರು ಹೇಳಿದ್ದನ್ನು ಕೇಳಿ ಮೊಳೆ ಬದಲಿಸಲು ಇನ್ನೂ ಹೊತ್ತಿರುತ್ತದೆ.

ಇನ್ನೂ ಕಾಲೇಜಿನಲ್ಲಿರುವವರು ವಾರ್ಷಿಕ ಪ್ರದರ್ಶನದ ಒಂದು ಗೋಡೆಯಿಂದ ಆರಂಭಿಸಿ, ರಜೆಯಲ್ಲಿ ಒಂದು ಕೋಣೆಯ ಪ್ರದರ್ಶನಕ್ಕೆ ಹೋಗುವುದು ಒಳ್ಳೆಯದು. ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವವರಿಗೆ ಸಂಸ್ಥೆಯ ಸಹಾಯಕ ಹುದ್ದೆ ಸಂಬಳವನ್ನೂ ಶಿಸ್ತನ್ನೂ ಕೊಡಬಲ್ಲದು, ಆದರೆ ಅಲ್ಲಿ ಇರುವಾಗಲೂ ವರ್ಷಕ್ಕೊಂದು ಸಣ್ಣ ಪ್ರದರ್ಶನವನ್ನು ತಮ್ಮ ಹೊಣೆಯಲ್ಲಿ ಮಾಡುತ್ತಿರಬೇಕು. ಗ್ಯಾಲರಿ ಬಾಡಿಗೆಯನ್ನು ಮೂರನೆಯ ಇಲ್ಲವೇ ನಾಲ್ಕನೆಯ ಪ್ರದರ್ಶನಕ್ಕೆ ಇಟ್ಟುಕೊಳ್ಳಿ. ಬಿಯನಾಲೆಯಂಥ ಕಾರ್ಯಕ್ರಮಗಳಿಗೆ ಅರ್ಜಿ ಹಾಕುವಾಗ ಆ ಒಂದು ಕೋಣೆಯ ನಾಲ್ಕು ಒಳ್ಳೆಯ ಫೋಟೋಗಳು ಜೊತೆಗಿದ್ದರೆ, ಆಯ್ಕೆಗಾರರಿಗೆ ನಿಮ್ಮ ಕಣ್ಣು ಎಂಥದೆಂದು ತಿಳಿಯುತ್ತದೆ.

ಯಾವ ದಾರಿಯಾದರೂ ಕೃತಿಗಳನ್ನು ಇಳಿಸುವ ದಿನದವರೆಗೆ ನಿಮ್ಮನ್ನು ಅಲ್ಲಿ ಇರಿಸಿಕೊಳ್ಳುತ್ತದೆಯೇ ಎಂದು ಸೇರುವ ಮೊದಲೇ ಕೇಳಿಕೊಳ್ಳಿ. ಎಷ್ಟೋ ಕಡೆ ಉದ್ಘಾಟನೆಯ ಮರುದಿನವೇ ಕಲಿಯುವವರನ್ನು ಬೇರೆ ಕೆಲಸಕ್ಕೆ ಹಚ್ಚುತ್ತಾರೆ. ಪ್ರತಿ ಕೃತಿಯನ್ನೂ ಬಂದಾಗ ಬರೆದ ಟಿಪ್ಪಣಿಯ ಜೊತೆ ಹೋಲಿಸಿ, ಬಬಲ್ ಶೀಟಿನಲ್ಲಿ ಸುತ್ತಿ, ಕಲಾವಿದರ ಕೈಗೇ ಒಪ್ಪಿಸಿ, ಚೀಟಿಗೆ ಸಹಿ ಪಡೆದು, ಮೊಳೆ ಕಿತ್ತ ತೂತುಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ತಿಕ್ಕಿ, ಬಿಳಿ ಬಣ್ಣ ಬಳಿದು ಬೀಗದ ಕೈಯನ್ನು ಹಿಂದಿರುಗಿಸಿದ ಮೇಲೆ ಆ ಪ್ರದರ್ಶನ ಮುಗಿಯುತ್ತದೆ.